ಜಲ್ಲಿ ಹೊತ್ತವರು ಯಾರು?

ಅಪ್ಪ,

ಕೊಳದ ನೀರು ಸೋಸಲು ತೋಡಿಸಿದ ಗುಂಡಿಗೆ ನಿನ್ನೆ ಅರ್ಧದಷ್ಟು ಜಲ್ಲಿ ತುಂಬಿದೆ. "ಪಕ್ಕದ ಮನೆ ಎಲ್ಮರ್ ಬಂದು ಹಾಕ್ಕೊಟ್ಟ" ಎಂದು ಊಟಕ್ಕೆ ಕೂತಾಗ ನೀನೇ ಹೇಳಿದೆ. ಬೆಳಿಗ್ಗೆ ಕಸದ ಡಬ್ಬ ಹೊರಗಿಡುವಾಗ ಅವನ ಹೆಂಡತಿ ಸಿಕ್ಕಳು. "ನಮ್ಮೋರು ಸೋಮವಾರದಿಂದ ಸೊಂಟ ಹಿಡ್ಕೊಂಡು ಮಲಗಿದಾರಲ್ಲಮ್ಮ" ಎಂದಳು. ಹಾಗಾದರೆ ಜಲ್ಲಿ ತಾನೇ ನಡೆದುಕೊಂಡು ಬಂತೇ? ನಿನ್ನ ಶರ್ಟಿನ ತೋಳಿಗೆಲ್ಲ ಕಲ್ಲಿನ ಧೂಳು ಹೇಗೆ ಹತ್ತಿತು?

ಎದೆಯ ಆಪರೇಷನ್ ಆಗಿ ಇನ್ನೂ ಐದು ವಾರವಾಗಿಲ್ಲ. ನಾಲ್ಕು ಲೀಟರಿನ ಹಾಲಿನ ಕ್ಯಾನಿಗಿಂತ ಭಾರ ಎತ್ತಬಾರದೆಂದು ಡಾಕ್ಟರು ಹೇಳಿದಾಗ ತಲೆಯಾಡಿಸಿದವನು ನೀನೇ.

ಸಲಿಕೆ, ಬಕೆಟ್ಟು ಎರಡೂ ನನ್ನ ಕಾರಿನಲ್ಲಿವೆ, ಹುಡುಕಬೇಡ. ಗುಂಡಿಯ ತಳದ ತೂತಿನ ಪೈಪು ಮುಟ್ಟಬೇಡ. ಕೊಳದ ಪಂಪು ಹಾಕಲೇಬೇಡ. ಜಲ್ಲಿಯಲ್ಲಿ ನೆಡಲು ತಂದಿಟ್ಟ ಐರಿಸ್ ಹೂವಿನ ಸಸಿಗಳಿಗೆ ಮಗ್ಗಿನಲ್ಲಿ ನೀರು ಹಾಕು, ಸಾಕು. ಬೀನ್ಸ್ ಸೂಪು ಒಲೆಯ ಮೇಲಿದೆ.

ಅಮ್ಮ ಸಾಕಿದ ಮೀನುಗಳು ಆ ಹಸಿರು ನೀರಿನಲ್ಲಿ ಬಾಯಿ ಬಿಡುವುದನ್ನು ನನಗೂ ನೋಡಲಾಗುವುದಿಲ್ಲ. ಐದಕ್ಕೆ ಬರುತ್ತೇನೆ. ಉಳಿದ ಜಲ್ಲಿ ನಾನು ಹೊರುತ್ತೇನೆ. ನೀನು ಕುರ್ಚಿ ಹಾಕಿಕೊಂಡು, ಸರಿಯಾಗಿ ಹರಡುತ್ತಿಲ್ಲವೆಂದು ನನ್ನನ್ನು ಬೈಯುತ್ತಾ ಕೂರು.

ಮಾರ್ಲೀನ್