ಲಂಡನ್ ಮೇಲ್‌ನ ದೋಸೆ

ಜನವರಿ ೧೭, ಶನಿವಾರ

ಮಗಳು ವಿಜೇತಾಳ ಮಾತು ಇನ್ನೂ ಚುಚ್ಚುತ್ತಿದೆ. "ಪಪ್ಪಾ, ಸ್ಯಾಟರ್ಡೇ ಸಂಜೆ ಫೋರ್ಟ್‌ನಲ್ಲಿ ಕೌನ್ ಹೈ? ಹೋಟೆಲ್ ಬೇಗ ಬಂದ್ ಮಾಡುವ. ಗ್ಯಾಸ್ ಯಾಕೆ ವೇಸ್ಟ್?"

ಗ್ಯಾಸಂತೆ, ಗ್ಯಾಸ್! ಅಜ್ಜ ಈ ಹೋಟೆಲ್ ನಡೆಸುತ್ತಿದ್ದದ್ದು, ಕರಾಚಿಯಿಂದ ಪುಟ್ಟ ವಿಮಾನ ಲಂಡನ್ ಮೇಲ್, ಅಂದರೆ ಅಲ್ಲಿನ ಟಪಾಲು, ತಂದು ಮುಂಬೈಯ ಜುಹುವಿನಲ್ಲಿ ಇಳಿಯುತ್ತಿದ್ದ ಕಾಲದಲ್ಲಿ. ವಾಪಸು ವಿಮಾನಕ್ಕೆ ಉತ್ತರ ಬರೆದು ಮುಗಿಸಿದ ಫೋರ್ಟ್ ಆಫೀಸುಗಳ ಗುಮಾಸ್ತರು ಹಸಿದು ತಡವಾಗಿ ಬರುತ್ತಿದ್ದರು. ಅವರಿಗಾಗಿ ಅಜ್ಜ ಶನಿವಾರ ದೋಸೆಯ ಒಲೆ ಬೇಗ ಆರಿಸುತ್ತಿರಲಿಲ್ಲ. ಅಪ್ಪನೂ ಆರಿಸಲಿಲ್ಲ.

ಇವತ್ತು ಸಿಟ್ಟಿನಲ್ಲಿ ನಾನೇ ಆರಿಸಲು ಹೋದೆ. ಅಡುಗೆಯ ಕೊರಗ ತಡೆದ. "ಅಣ್ಣಾ, ಲಂಡನ್ ಮೇಲ್‌ನವರು ಇನ್ನೂ ಬರ್ಲಿಲ್ಲ ಅಲ್ವಾ?"

ನಾನು ಆ ಗುಮಾಸ್ತರ ಹಾಗೆ ಖಾಲಿ ಮೇಜಿನಲ್ಲಿ ಕೂತು ಒಂದು ದೋಸೆ ಹೇಳಿದೆ. ವಿಜೇತಾ ಗಲ್ಲಾ ಬಿಟ್ಟು ಎದುರಿಗೆ ಬಂದು ಕೂತಳು.

"ಕೊರಗಣ್ಣ, ನಂಗೂ ಒಂದು."