ಕಿತ್ತಳೆ ರೆಕ್ಕೆಯದು

ಬಾಬಾ,

ನೀವು ತೀರಿಕೊಂಡು ಎರಡು ವರ್ಷವಾಯಿತೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಇಂದು ಬೆಳಿಗ್ಗೆ ಅಜ್ರಕ್‌ನ ಮರುಭೂಮಿ ಜೌಗಿನಲ್ಲಿ, ನಮ್ಮ ಎಮ್ಮೆಗಳು ಮಲಗುತ್ತಿದ್ದ ಕೊಳದ ಬಳಿ, ನಾನೂ ಗೆಳತಿ ಸುಹೈರಾಳೂ ಏರೋಪ್ಲೇನ್ ಚಿಟ್ಟೆಗಳನ್ನು ಎಣಿಸುತ್ತಿದ್ದೆವು. ಈ ಸಲ ನೀರೂ ಕಡಿಮೆ, ಚಿಟ್ಟೆಗಳೂ ಕಡಿಮೆ. ಜೊಂಡಿನ ತುದಿಯಲ್ಲಿ ಕೂತಿದ್ದ ಕೆಂಪನೆಯದೊಂದನ್ನು ಬಲೆ ಬೀಸಿ ಹಿಡಿದೆ. ರೆಕ್ಕೆಯ ಬುಡದಿಂದ ಅರ್ಧದವರೆಗೂ ಕಿತ್ತಳೆ ಬಣ್ಣ.

ಐದು ವರ್ಷದ ಹಿಂದೆ ನೀವು ಇಲ್ಲಿ ಕಂಡೆನೆಂದು ಹೇಳಿದ್ದೂ ಇದನ್ನೇ. "ಬಿಸಿಲಿಗೆ ಹಾಗೆ ಕಂಡಿರುತ್ತೆ ಬಾಬಾ, ನಿಮ್ಮ ಕಣ್ಣಿಗೆ ಪೊರೆ ಬಂದಿದೆ," ಎಂದು ಎಲ್ಲರೆದುರು ನಕ್ಕು, ಎಣಿಕೆಯ ಪಟ್ಟಿಯಲ್ಲಿ ಅದನ್ನು ಬರೆದಿದ್ದ ಸಾಲನ್ನು ಹೊಡೆದುಹಾಕಿದ್ದೆ.

"ಓದಿದವಳು ನೀನು, ನಿಂಗೇ ಗೊತ್ತಿರುತ್ತೆ ಬಿಡು ಮಗಳೇ," ಎಂದಿರಿ. ಮತ್ತೆಂದೂ ಎಣಿಕೆಗೆ ಬರಲಿಲ್ಲ. ನಾನೂ ಕರೆಯಲಿಲ್ಲ.

"ಹನಾದಿ, ಅದೃಷ್ಟವಂತೆ ಕಣೇ! ಈ ಕೊಳಕ್ಕೆ ಇದೇ ಮೊದಲ್ನೇದು, ನಿನ್ನ ಹೆಸ್ರಲ್ಲೇ ಬರಿ," ಎಂದು ಸುಹೈರಾ ಕುಣಿದಳು.

"ಎರಡನೇದು ಕಣೇ. ಮೊದಲು ನೋಡಿದ್ದು ನಮ್ಮಪ್ಪ."

"ಮತ್ತೆ ಪಟ್ಟೀಲಿ ಯಾಕಿಲ್ಲ?"

"ನಾನೇ ಹೊಡೆದುಹಾಕಿದೆ."

ಹೋಲಿಸಿ ನೋಡಲು ತಂದಿದ್ದ ಹಳೆಯ ಪಟ್ಟಿಗಳಲ್ಲಿ ಆ ವರ್ಷದ್ದನ್ನು ಅವಳು ಚೀಲದಿಂದ ತೆಗೆದು, ಪೆನ್ನು ಕೊಟ್ಟಳು. ಚಿಟ್ಟೆಯನ್ನು ಬಿಟ್ಟು, ಆ ಸಾಲಿನ ಪಕ್ಕದಲ್ಲಿ ನಿಮ್ಮ ಹೆಸರನ್ನು ದೊಡ್ಡದಾಗಿ ಬರೆದೆ: ನಾಯಿಫ್, ಎಮ್ಮೆ ಕಾಯುವವರು, ಕಣ್ಣಾರೆ ಕಂಡದ್ದು.