ಅವ್ವನಿಗೆ ಬರೆದ ಮೂರನೆಯ ಉತ್ತರ

ಹೆಣ್ಣುಮಕ್ಕಳ ಹಾಸ್ಟೆಲ್, ಹೈದರಾಬಾದ್
11 ಫೆಬ್ರುವರಿ 1945, ಆದಿತ್ಯವಾರ

ಜಿಡಗಾ ಊರಿನ ಮನೆಯ ಕಟ್ಟೆಯ ಮೇಲೆ ಕೂತಿರುವ ನನ್ನ ಅವ್ವನಿಗೆ, ಮಗಳು ಚಂದಮ್ಮ ಇಲ್ಲಿಂದಲೇ ಕಾಲಿಗೆ ಬೀಳುತ್ತಾಳೆ. ಇದನ್ನು ನಿನಗೆ ಓದಿ ಹೇಳುತ್ತಿರುವ ದರ್ಜಿ ಲಾಡ್ಲೆಸಾಬ ಕಾಕಾನಿಗೂ ಸಲಾಮು. ಕಾಕಾ, ಸೂಜಿ ಬಾಯಿಂದ ತೆಗೆದು ಓದ್ರಿ. ಹೋದ ಸಲ ಅರ್ಧ ಮಾತು ನಿಮ್ಮ ಹಲ್ಲಿನೊಳಗೇ ಉಳಿಯಿತೆಂದು ಅವ್ವ ನಿಮ್ಮ ಕೈಯಿಂದಲೇ ನನಗೆ ಬರೆಸಿದ್ದಾಳೆ.

ಅವ್ವಾ, ಇಲ್ಲಿ ಮೊದಲ ವರ್ಷದವರಿಗೆಲ್ಲ ಈಗ ಇಂಗ್ಲಿಷಿನ ಜ್ವರ. ಬುಧವಾರ ಪರೀಕ್ಷೆ ಆಯಿತು. ಇದರಲ್ಲಿ ನಪಾಸಾದವರು ಹಾಸ್ಟೆಲ್ ಬಿಟ್ಟು ಊರಿಗೆ ಹೋಗಬೇಕು. ಅವರ ಮಂಚ ಕಾಯುತ್ತಿರುವ ಇನ್ನೊಬ್ಬಳಿಗೆ. ನೀನು ಆಗಲೇ ಓಣಿಯವರ ಮುಂದೆ ನನ್ನನ್ನು ಡಾಕ್ಟರಬಾಯಿ ಅನ್ನುತ್ತೀಯಂತೆ.

ನಮ್ಮ ಇಂಗ್ಲಿಷ್ ಮಿಸ್ ದಿನಕ್ಕೆ ಹತ್ತು ಶಬ್ದ ಕಲಿಸುತ್ತಾರೆ. ಗಿಳಿಪಾಠ ಮಾಡಿದರೆ ನನಗೆ ಬೆಳಗಾಗುವುದರೊಳಗೆ ಹಾರಿಹೋಗುತ್ತವೆ. ಅದಕ್ಕೆ ಕಣ್ಣು ಮುಚ್ಚಿ ಊರಿಗೆ ಬರುತ್ತೇನೆ. ಒಂದೊಂದು ಶಬ್ದವನ್ನು ಒಂದೊಂದು ಕಡೆ ಇಟ್ಟು ಹೋಗುತ್ತೇನೆ. ಟ್ರ್ಯಾಂಕ್ವಿಲ್ ಅಂದರೆ ಅಲುಗದೆ ಶಾಂತವಾಗಿರುವುದು. ಅದನ್ನು ಮಠದ ಬಾವಿಯ ಮಧ್ಯಾಹ್ನದ ನೀರಿಗೆ ಮೆಲ್ಲಗೆ ಬಿಟ್ಟೆ. ರಿಲಕ್ಟಂಟ್ ಅಂದರೆ ಮನಸ್ಸಿಲ್ಲದ ಮನಸ್ಸು. ಅದು ಹಳ್ಳದ ದಂಡೆಯಲ್ಲಿ ನಿಂತುಬಿಡುವ ನಮ್ಮ ಎಮ್ಮೆಯ ಕೊರಳಲ್ಲಿದೆ. ಅಬಂಡಂಟ್ ಅನ್ನುವುದನ್ನು ಕುಸುಬಿ ಹೊಲದ ಮೇಲೆ ಚೆಲ್ಲಿದೆ, ದಿಗಂತದವರೆಗೂ ಹಳದಿಯಾಗಿ ಹಬ್ಬಿತು. ಪಕ್ಕದ ಮಂಚದ ಖಾಸೀಂಬಿ, ಜೇವರ್ಗಿಯವಳು, ನಾನು ಹೀಗೆ ಕೂತಿದ್ದು ಕಂಡರೆ ಬಿಡುವುದಿಲ್ಲ. “ಏನ್ ಬೇ, ಓದಾಕತ್ತೀಯೋ, ಎಮ್ಮಿ ಮೇಸಾಕತ್ತೀಯೋ?” ಅನ್ನುತ್ತಾಳೆ. “ಎರಡೂ” ಅನ್ನುತ್ತೇನೆ.

ಪರೀಕ್ಷೆ ಬರೆಯುವುದಕ್ಕೂ ಒಂದು ರೀತಿ ಇದೆ ಅವ್ವಾ. ಪ್ರಶ್ನೆ ಎರಡು ಸಲ ಓದಬೇಕು, ಗೊತ್ತಿದ್ದದ್ದನ್ನು ಮೊದಲು ಮುಗಿಸಬೇಕು, ದೊಡ್ಡ ಉತ್ತರಕ್ಕೆ ಹೊತ್ತು ಉಳಿಸಿಕೊಳ್ಳಬೇಕು. ಎಲ್ಲವನ್ನೂ ಹಾಗೆಯೇ ಮಾಡಿದೆ. ಮೂರನೆಯ ಪ್ರಶ್ನೆಗೆ ಮುಕ್ಕಾಲು ಗಂಟೆ ಉಳಿಯಿತು. ಕಿಟಕಿಯಿಂದ ಕಾಣುವುದನ್ನು ಕುರಿತು ನಿಮ್ಮ ತಾಯಿಗೆ ಪತ್ರ ಬರೆಯಿರಿ ಎಂದು ಕೇಳಿದ್ದರು.

ಓದಿದ ಕೂಡಲೇ ನೀನು ಬಂದೆ. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಬೆಂಚಿನ ತುದಿಗೆ ಕೂತು, “ಹೇಳು, ಏನ್ ಕಾಣ್ತದ?” ಅಂದೆ. ಹೊರಗೆ ಬೇವಿನ ಎಲೆ ಉದುರುತ್ತಿತ್ತು. ಮರದ ನೆರಳು ಗೋಡೆಯ ಮೇಲೆ ನೀರಿನಂತೆ ಹರಿಯುತ್ತಿತ್ತು. ನಾನು ಹೇಳುತ್ತಾ ಹೋದೆ, ನೀನು ಹೂಂಗುಟ್ಟುತ್ತಾ ಹೋದೆ. ಲೇಖಣಿ ಒಮ್ಮೆಯೂ ತಡವರಿಸಲಿಲ್ಲ. ಗಂಟೆ ಬಾರಿಸಿದಾಗಲೇ ಎರಡು ಹಾಳೆ ತುಂಬಿದ್ದು ತಿಳಿದದ್ದು.

ಅಷ್ಟು ಚೆಂದದ ಉತ್ತರವನ್ನು ನಾನು ಈವರೆಗೆ ಬರೆದಿಲ್ಲ. ಮಿಸ್ ಆ ಹಾಳೆಗಳನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದು ನೋಡಿದರು. ಬೇರೆ ಟೀಚರುಗಳಿಗೂ ತೋರಿಸಿದರು. ಇಂಥದ್ದನ್ನು ತಮ್ಮ ನೌಕರಿಯಲ್ಲೇ ಕಂಡಿಲ್ಲ ಅಂದರಂತೆ.

ನೀನು ಚಿಂತೆ ಮಾಡಬೇಡ. ಎಳೆ ಜೋಳದ ಸೀತನಿ ಸುಟ್ಟಾಗ ನನ್ನ ಪಾಲಿಂದೂ ನೀನೇ ತಿನ್ನು.

ಇನ್ನೂ ಡಾಕ್ಟರಬಾಯಿ ಆಗದ ನಿನ್ನ ಮಗಳು,
ಚಂದಮ್ಮ

ತಾ.ಕ.: ಕಾಕಾ, ಇಲ್ಲಿಂದ ಮುಂದೆ ಬಾಯಿ ಬಿಟ್ಟು ಓದಬೇಡ್ರಿ. ಅವ್ವ ಕೇಳಿದರೆ, ನನಗ ಸಲಾಮು ಬರದಾಳ ಅನ್ರಿ. ಆ ಎರಡೂ ಹಾಳೆಯನ್ನು ನಾನು ಕನ್ನಡದಲ್ಲೇ ಬರೆದುಬಿಟ್ಟಿದ್ದೆ. ಅವ್ವನಿಗೆ ಅಂತ ಕೂತ ಮೇಲೆ ಕೈಗೆ ಬೇರೆ ಭಾಷೆ ನೆನಪಾಗಲೇ ಇಲ್ಲ. ಮಿಸ್‌ಗೆ ಕನ್ನಡ ಬರುವುದಿಲ್ಲ. ಸೊನ್ನೆ ಹಾಕಿ, ಬರುವ ಗುರುವಾರ ಮತ್ತೊಮ್ಮೆ ಬರೆಯಲು ಬಿಟ್ಟಿದ್ದಾರೆ, ಪ್ರಶ್ನೆ ಅದೇ. ಅಂದೂ ಅವ್ವ ಬಂದು ಕೂತರೆ ಏನು ಮಾಡಲಿ? ಬರಬೇಡ ಅನ್ನಲು ನಾಲಿಗೆ ಏಳುವುದಿಲ್ಲ. ಶನಿವಾರ ಸಂಜೆ ನೀವು ಆಳಂದದ ಮೋಟಾರ್ ಅಡ್ಡೆಗೆ ಬರ್ರಿ. ನಾನು ಟ್ರಂಕು ಹಿಡಿದು ಇಳಿದರೆ, ನನಗಿಂತ ಮೊದಲು ಮನೆಗೆ ಹೋಗಿ ನೀವೇ ಅವ್ವನಿಗೆ ಹೇಳಬೇಕು. ಇಳಿಯದಿದ್ದರೆ ಊರಿಗೆ ಹಿಂದಿರುಗಿ, ಅವ್ವನಿಗೆ ಈ ಸಾಲುಗಳನ್ನೂ ಓದಿಬಿಡ್ರಿ.